ನಡುಪೇಟೆಯ ಬಾಡಿಗೆ ಖೋಲಿ: ದಲಿತ ವಿಮರ್ಶೆಗೆ ಒಂದು ಪ್ರಶ್ನೆ

1

ಬೆಳಗಾವಿ ಯಾರದು ಎಂಬ ಪ್ರಶ್ನೆಗೆ ಈಗ ಎಪ್ಪತ್ತರ ಆಸುಪಾಸು ವಯಸ್ಸು. 1956ರಲ್ಲಿ ಈ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಾಗ ಶುರುವಾದ ಜಗಳ 1966ರಲ್ಲಿ ಮಹಾಜನ ಆಯೋಗವನ್ನು ಕಂಡಿತು, 1967ರಲ್ಲಿ ಅದರ ವರದಿಯನ್ನು ಕಂಡಿತು, 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2012ರಲ್ಲಿ ಹಲಗಾದ ಹತ್ತಿರ ಸುವರ್ಣ ವಿಧಾನಸೌಧ ಎದ್ದು ನಿಂತಿತು. 2014ರಲ್ಲಿ ಬೆಳಗಾಂ ಅಧಿಕೃತವಾಗಿ ಬೆಳಗಾವಿ ಆಯಿತು. ಎರಡೂ ಕಡೆಯ ಸಾಹಿತಿಗಳು ಠರಾವು ಬರೆದರು. ಎರಡೂ ಕಡೆಯ ಹುಡುಗರು ಬಸ್ಸುಗಳಿಗೆ ಮಸಿ ಬಳಿದರು. ಈ ಎಲ್ಲ ಗದ್ದಲದ ನಡುವೆ ಇನ್ನೊಂದು ಪ್ರಶ್ನೆ ಹಂಗೇ ಉಳಿದೈತಿ: ಈ ಊರಿನ ನಡುಪೇಟೆಯೊಳಗ ಒಂದು ಖೋಲಿ ಬಾಡಿಗಿಗೆ ಯಾರಿಗೆ ಸಿಗತೈತಿ?

ಖಡೇ ಬಜಾರ, ಗಣಪತ ಗಲ್ಲಿ, ಮಾರುತಿ ಗಲ್ಲಿ, ರಾಮದೇವ ಗಲ್ಲಿಗಳ ಕಡೆ ಮನೆ ಹುಡುಕುತ್ತ ಹೋದ ದಲಿತ ಹುಡುಗನಿಗೆ ಭಾಷೆಯ ಗಡಿ ಎಷ್ಟು ತೆಳುವಾದದ್ದೆಂದು ಮೊದಲ ಬಾಗಿಲಲ್ಲೇ ತಿಳಿಯುತ್ತದೆ. ಕನ್ನಡದ ಮಾಲೀಕ ಕೇಳುತ್ತಾನೆ: 'ಯಾವ ಪೈಕಿ ನೀವು?' ಮರಾಠಿಯ ಮಾಲೀಕ ಕೇಳುತ್ತಾನೆ: 'ತುಮ್ಹೀ ಕೋಣಾಪೈಕೀ?' ಆಯೋಗಗಳಿಗೆ ಸಿಗದ ಒಮ್ಮತ ಈ 'ಪೈಕಿ' ಎಂಬ ಒಂದು ಮಾತಿನಲ್ಲಿ ಸಿಕ್ಕಿಬಿಟ್ಟಿದೆ. ಉತ್ತರ ಬಂದ ಮೇಲೆ ಎರಡೂ ಭಾಷೆಯೊಳಗೆ ಸಿಗುವ ಮಾತೂ ಒಂದೇ. 'ಖೋಲಿ ಖಾಲಿ ಇಲ್ರಿ, ನಿನ್ನೇನ ಕೊಟ್ವಿ.' ಬಾಗಿಲ ಮೇಲಿನ 'ಬಾಡಿಗೆಗೆ ಇದೆ' ಎಂಬ ಬೋರ್ಡು ಮಾತ್ರ ಮರುದಿನವೂ ತೂಗಾಡುತ್ತಿರುತ್ತದೆ.

ವಿಮರ್ಶೆಯ ವಿಶೇಷಾಂಕದಲ್ಲಿ ಬಾಡಿಗೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ದಲಿತ ವಿಮರ್ಶೆ ಇಷ್ಟು ವರ್ಷ ಕೃತಿಯೊಳಗಿನ ಜಾತಿಯನ್ನು ಓದಿದೆ, ಭಾಷೆಯೊಳಗಿನ ಯಜಮಾನಿಕೆಯನ್ನು ಓದಿದೆ. ಊರಿನ ನಕಾಶೆಯೂ ಒಂದು ಕೃತಿಯೇ. ಸರ್ಕಾರದ ವಸತಿ ಯೋಜನೆಯೂ ಒಂದು ಭಾಷೆಯೇ. ಅವನ್ನು ಓದದೆ ಬಿಟ್ಟರೆ ನಮ್ಮ ವಿಮರ್ಶೆ ಪುಸ್ತಕದಂಗಡಿಯ ಹೊಸ್ತಿಲು ದಾಟುವುದಿಲ್ಲ.

2

ಕನ್ನಡ ದಲಿತ ಸಾಹಿತ್ಯ ನಮಗೆ ಕೊಟ್ಟ ದೊಡ್ಡ ಪರಿಕಲ್ಪನೆ 'ಕೇರಿ'. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ 'ಊರುಕೇರಿ' ಎಂದು ಹೆಸರಿಟ್ಟಾಗ ಒಂದು ಸಮಾಜಶಾಸ್ತ್ರವನ್ನೇ ಒಂದು ಸಮಾಸಪದಕ್ಕೆ ಇಳಿಸಿದ್ದರು. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಮನೆ ಬರೀ ಕಥೆ ನಡೆಯುವ ಜಾಗವಲ್ಲ. ರಾತ್ರಿಯಿಡೀ ಕಡಲೆಕಾಯಿ ತಿಂದ ಮನೆಯೊಳಕ್ಕೆ ಬೆಳಗ್ಗೆ ಪೋಲೀಸರು ನುಗ್ಗುತ್ತಾರೆ. ದಲಿತರ ಮನೆಯ ಬಾಗಿಲು ಪ್ರಭುತ್ವಕ್ಕೆ ಯಾವಾಗಲೂ ತೆರೆದೇ ಇರುತ್ತದೆ, ಅದಕ್ಕೆ ಒಳಗಿನಿಂದ ಅಗುಳಿ ಇಲ್ಲ, ಎಂಬುದನ್ನು ಆ ಕಥೆ ಒಂದು ವ್ಯಾಖ್ಯಾನವಾಕ್ಯವನ್ನೂ ಬರೆಯದೆ ಹೇಳಿತು.

ಆದರೆ ನಮ್ಮ ವಿಮರ್ಶೆ ಕೇರಿಯನ್ನು ಹಳ್ಳಿಯಲ್ಲೇ ಬಿಟ್ಟು ಬಂದಿತು. ಕೇರಿ ಎಂದರೆ ಹಳ್ಳಿಯ ಹೊರವಲಯ, ನಗರವೆಂದರೆ ಅದರಿಂದ ಬಿಡುಗಡೆ ಎಂಬ ಒಂದು ನಂಬಿಕೆ ನಮ್ಮೊಳಗೆ ಕೂತಿದೆ. 'ಊರುಕೇರಿ'ಯನ್ನೇ ಮತ್ತೆ ನೋಡಿ. ಮಂಚನಬೆಲೆಯಿಂದ ಬೆಂಗಳೂರಿಗೆ ಬಂದ ಕುಟುಂಬದ ಆ ಕಥೆಯಲ್ಲಿ ನಗರಕ್ಕೂ ಹಾಸ್ಟೆಲ್ಲಿಗೂ ದೊಡ್ಡ ಪಾಲಿದೆ. ನಾವು ಓದಿದ್ದು ಹೆಚ್ಚಾಗಿ ಹಳ್ಳಿಯ ಭಾಗವನ್ನು.

ಗಡಿಯ ಆಚೆ ಬೇರೆಯೇ ನಡೆಯಿತು. ಬಾಬುರಾವ ಬಾಗುಲರ ಮೊದಲ ಕಥಾಸಂಕಲನ 1963ರಲ್ಲಿ ಬಂತು. ಅದರ ಶೀರ್ಷಿಕೆಯ ಕಥೆ, 'ನಾನು ಜಾತಿ ಕದ್ದಾಗ' ಎಂದು ನಾವು ಹೇಳಬಹುದಾದದ್ದು, ಒಂದು ಬಾಡಿಗೆ ಖೋಲಿಯ ಕಥೆ. ರೈಲ್ವೆ ಕೆಲಸ ಸಿಕ್ಕ ಯುವಕ ಪರ ಊರಿನಲ್ಲಿ ಜಾತಿ ಹೇಳದೆ ಖೋಲಿ ಹಿಡಿಯುತ್ತಾನೆ, ಜಾತಿ ತಿಳಿದ ದಿನ ಹೊಡೆತ ತಿನ್ನುತ್ತಾನೆ. ನಾಮದೇವ ಢಸಾಳರ 'ಗೋಲಪೀಠಾ' 1972ರದ್ದು. ಅದು ಮುಂಬೈಯ ನಟ್ಟನಡುವಿನ ಒಂದು ಓಣಿಯ ಹೆಸರಲ್ಲೇ ಬಂದ ಕಾವ್ಯ. ಮರಾಠಿ ದಲಿತ ಬರಹದ ಸಿಟ್ಟಿಗೆ ಚಾಳು, ಗಟಾರ, ಬಾಡಿಗೆ, ಮುಕಾದಮನ ವಿಳಾಸಗಳಿವೆ. ಕನ್ನಡದ್ದಕ್ಕೆ ಹೊಲ, ಜೀತ, ಬಾವಿ, ಗುಡಿಗಳ ವಿಳಾಸ. ಇದರಲ್ಲಿ ಯಾವುದು ಹೆಚ್ಚು ಯಾವುದು ಕಡಿಮೆ ಎಂಬುದು ನನ್ನ ಪ್ರಶ್ನೆಯಲ್ಲ. ಎರಡನ್ನೂ ಒಟ್ಟಿಗೆ ಓದಬಲ್ಲ ಊರು ಬೆಳಗಾವಿ. ಅಲ್ಲಿನ ದಲಿತ ಮನೆಗಳಲ್ಲಿ ಎರಡೂ ಭಾಷೆ ಒಂದೇ ಒಲೆಯ ಮುಂದೆ ಕೂತು ಮಾತಾಡುತ್ತವೆ. ಹಾಗಿದ್ದೂ ನಗರದ ಕೇರಿಯನ್ನು ಓದುವ ಒಂದು ಕನ್ನಡ ವಿಮರ್ಶೆ ನಮಗೆ ಇನ್ನೂ ಬೇಕಾಗಿದೆ.

ಒಂದು ಪದ ನೋಡ್ರಿ. ನಗರದ ಬಡವರ ವಸತಿಗೆ ಸರ್ಕಾರಿ ಕನ್ನಡ ಹುಡುಕಿಕೊಂಡ ಹೆಸರು 'ಕೊಳಗೇರಿ'. ಊರಿಗೆ ಊರೇ ಕೊಳೆಯನ್ನು ಚೆಲ್ಲುತ್ತದೆ. ಅದನ್ನು ಬಳಿಯುವವರು ವಾಸಿಸುವ ಜಾಗಕ್ಕೆ ಕೊಳೆಯ ಹೆಸರು. ಅಷ್ಟೇ ಅಲ್ಲ, ನಗರಕ್ಕೆ ಬಂದರೆ ಕಳಚುತ್ತದೆ ಎಂದುಕೊಂಡಿದ್ದ 'ಕೇರಿ' ಆ ಪದದ ಬಾಲದಲ್ಲಿ ಕೂತಿದೆ. 1973ರ ಕಾಯಿದೆಯ ಶೀರ್ಷಿಕೆಯಲ್ಲಿ ಅಭಿವೃದ್ಧಿಯ ಪಕ್ಕದಲ್ಲೇ ನಿರ್ಮೂಲನ ಎಂಬ ಮಾತೂ ಇದೆ. ಯಾವುದರ ನಿರ್ಮೂಲನ? ಕೊಳೆಯದೋ, ಮಂದಿಯದೋ?

3

ಅಂಬೇಡ್ಕರರ ಬದುಕನ್ನು ನಾವು ಗ್ರಂಥ, ಸಭೆ, ಸಂವಿಧಾನಗಳ ಮೂಲಕ ಓದುತ್ತೇವೆ. ಅವರ ಬಾಡಿಗೆ ಮನೆಗಳ ಮೂಲಕ ಒಮ್ಮೆ ಓದಿ ನೋಡಬೇಕು.

ಮೊದಲನೆಯದು ಬರೋಡಾ, 1917. ವಿದೇಶದಲ್ಲಿ ಓದಿ ಬಂದ ಅಧಿಕಾರಿ. ಸಂಸ್ಥಾನದ ಕೆಲಸ ಐತಿ, ಪಗಾರ ಐತಿ, ಇರಾಕ ಖೋಲಿ ಇಲ್ಲ. ಕೊನೆಗೆ ಪಾರ್ಸಿ ಹೆಸರಿಟ್ಟುಕೊಂಡು ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ಕೋಲು ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಊರಲ್ಲಿ ಇನ್ನೆಲ್ಲೂ ಜಾಗ ಸಿಗದೆ ಅವರು ಬರೋಡಾವನ್ನೇ ಬಿಟ್ಟರು. ಒಂದು ಖೋಲಿ ಸಿಗದ ಕಾರಣಕ್ಕೆ ಒಂದು ನೌಕರಿ ಹೋಯಿತು. ಇದನ್ನು ಅವರೇ ತಮ್ಮ ಅನುಭವಕಥನದಲ್ಲಿ ಬರೆದಿಟ್ಟಿದ್ದಾರೆ.

ಎರಡನೆಯದು ಮುಂಬೈಯ ಪರೇಲ. 1896ರ ಪ್ಲೇಗಿನ ನಂತರ 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟು ಗಿರಣಿಗಳ ಮಗ್ಗುಲಲ್ಲಿ ದುಡಿಯುವವರಿಗಾಗಿ ಚಾಳುಗಳನ್ನು ಕಟ್ಟಿತು. ಅಂಥ ಒಂದು ಬಿ.ಐ.ಟಿ. ಚಾಳಿನಲ್ಲಿ ಅಂಬೇಡ್ಕರ್ ಕುಟುಂಬ 1912ರಿಂದ 1934ರವರೆಗೆ ಇತ್ತು. 'ಮೂಕನಾಯಕ' (1920), 'ಬಹಿಷ್ಕೃತ ಭಾರತ' (1927), ಮಹಾಡದ ಕೆರೆ ಸತ್ಯಾಗ್ರಹ (1927), ದುಂಡುಮೇಜಿನ ಪರಿಷತ್ತು, ಪುಣೆ ಒಪ್ಪಂದ (1932) ಎಲ್ಲವೂ ಈ ವಿಳಾಸದ ಕಾಲದವು. 1924ರಲ್ಲಿ ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆಯ ಕಚೇರಿ ಪರೇಲದ ದಾಮೋದರ ಹಾಲಿನಲ್ಲೇ ಇತ್ತು. ಕೋರ್ಟು, ಕಾಲೇಜು, ಪ್ರೆಸ್ಸು, ಗಿರಣಿ ಕಾರ್ಮಿಕರು ಎಲ್ಲರೂ ಟ್ರಾಮಿನ ದೂರದಲ್ಲಿ. ಆ ಚಾಳೇನು ಅರಮನೆಯಲ್ಲ. ಇಕ್ಕಟ್ಟು, ಗದ್ದಲ, ಸಾಮೂಹಿಕ ಸಂಡಾಸು. ಆದರೆ ಅಲ್ಲಿ ಮಾಲೀಕ ಒಂದು ಸಾರ್ವಜನಿಕ ಸಂಸ್ಥೆ. ಬಾಡಿಗೆ ಕೊಟ್ಟರೆ ರಸೀದಿ ಸಿಗುತ್ತಿತ್ತು.

ಒಂದು ದೊಡ್ಡ ಚಳವಳಿಗೆ ಬೇಕಾದ ನೆಲ ಎಂದರೆ ಇದು: ಊರಿನ ನಡುವೆ, ಕೆಲಸದ ಹತ್ತಿರ, ಕೈಗೆ ಎಟುಕುವ ಬಾಡಿಗೆ. ಬರೋಡಾದಲ್ಲಿ ಖಾಸಗಿ ಬಾಗಿಲು ಮುಚ್ಚಿತು, ಪರೇಲದಲ್ಲಿ ಸಾರ್ವಜನಿಕ ಬಾಗಿಲು ತೆರೆಯಿತು. ಇವೆರಡರ ನಡುವಿನ ವ್ಯತ್ಯಾಸವೇ ವಸತಿ ನೀತಿ.

ನಮ್ಮ ಭಾಗಕ್ಕೂ ಇದು ದೂರದ ಕಥೆಯಲ್ಲ. ಅಂದು ಬೆಳಗಾವಿ, ಧಾರವಾಡ ಎರಡೂ ಮುಂಬೈ ಪ್ರಾಂತ್ಯದಲ್ಲಿದ್ದವು. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗ ಅವರಿಗಾಗಿ ಬಿದಿರು ಹುಲ್ಲಿನ ಗುಡಿಸಲು ಕಟ್ಟಿದ್ದರು. 350 ರೂಪಾಯಿ ಖರ್ಚಾಯಿತೆಂದು ಗಾಂಧೀಜಿ ಆಕ್ಷೇಪಿಸಿದರೆಂಬುದು ಜಿಲ್ಲೆಯ ಇತಿಹಾಸದಲ್ಲಿ ದಾಖಲಾಗಿದೆ. ನಾಲ್ಕೇ ತಿಂಗಳಿಗೆ, 1925ರ ಏಪ್ರಿಲಿನಲ್ಲಿ, ಅದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಅಂಬೇಡ್ಕರ್ ಬಹಿಷ್ಕೃತರ ಪ್ರಾಂತೀಯ ಪರಿಷತ್ತು ನಡೆಸಿದರು. ಗುಡಿಸಲಲ್ಲಿ ಕೆಲವು ದಿನ ಇರುವುದನ್ನು ಆಯ್ದುಕೊಳ್ಳುವುದು ಬೇರೆ, ಗುಡಿಸಲಿನಿಂದ ಹೊರಬರಲು ದಾರಿ ಹುಡುಕುವುದು ಬೇರೆ. 1929ರಲ್ಲಿ ಧಾರವಾಡದಲ್ಲಿ ಅಂಬೇಡ್ಕರ್ ತೆರೆದ ವಿದ್ಯಾರ್ಥಿ ನಿಲಯ ಆ ಹುಡುಕಾಟದ ಫಲ. ಎಷ್ಟೋ ದಲಿತ ಮಕ್ಕಳಿಗೆ ಶಹರದಲ್ಲಿ ಸಿಕ್ಕ ಮೊದಲ ಮನೆ ಅಂಥ ಹಾಸ್ಟೆಲ್ಲು. ಹಾಸ್ಟೆಲ್ಲು ಮುಗಿದ ದಿನ ಎರಡನೆಯ ಮನೆ ಎಲ್ಲಿ ಎಂಬುದಕ್ಕೆ ಮಾತ್ರ ಇವತ್ತಿಗೂ ಉತ್ತರ ಇಲ್ಲ.

4

ಸರ್ಕಾರದ ಉತ್ತರಗಳು ಇಲ್ಲವೆಂದಲ್ಲ. ಜನತಾ ಮನೆ, ಆಶ್ರಯ, ಗೃಹಭಾಗ್ಯ, ಪ್ರಧಾನಮಂತ್ರಿ ಆವಾಸ್. ಈ ಹೆಸರುಗಳನ್ನು ವಿಮರ್ಶಕನ ಕಿವಿಯಿಂದ ಕೇಳಬೇಕು. ಆಶ್ರಯ ಅನಾಥನಿಗೆ ಕೊಡುವಂಥದ್ದು. ಭಾಗ್ಯ ದೇವರು ಕೊಡುವಂಥದ್ದು. ಪಡೆದವನ ಹೆಸರು 'ಫಲಾನುಭವಿ', ಯಾರೋ ನೆಟ್ಟ ಮರದ ಹಣ್ಣು ತಿಂದವನ ಹಂಗ. ಹಕ್ಕಿನ ಭಾಷೆ ಈ ಶಬ್ದಕೋಶದೊಳಗೆ ಹಕ್ಕುಪತ್ರ ಎಂಬ ಒಂದೇ ಮಾತಿನಲ್ಲಿ ಉಸಿರಾಡುತ್ತಿದೆ, ಅದೂ ಕೈಗೆ ಬರಲು ವರ್ಷಗಟ್ಟಲೆ ತಹಶೀಲ್ದಾರ ಕಚೇರಿಯ ಕಟ್ಟೆ ಕಾಯಬೇಕು.

ಈಚೆಗೆ ಬಂದ ಪದ 'ಕೈಗೆಟುಕುವ ಮನೆ'. 2015ರ ಜೂನಿನಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವವರು ಆರ್ಥಿಕವಾಗಿ ದುರ್ಬಲರು. ಪಾಲುದಾರಿಕೆಯಲ್ಲಿ ಕಟ್ಟುವ ಮನೆಯೊಂದಕ್ಕೆ ಕೇಂದ್ರದ ಸಹಾಯ 1.5 ಲಕ್ಷ. ಮನೆಯ ಬೆಲೆ ಕೈಗೆ ಎಟುಕಲಿಕ್ಕೆ ನೆಲ ಅಗ್ಗ ಇರಬೇಕು. ನೆಲ ಅಗ್ಗ ಇರುವುದು ಊರ ಹೊರಗೆ. ಹೀಗಾಗಿ ಯಾವ ಮನುವಿನ ಹೆಸರನ್ನೂ ಎತ್ತದೆ, ಬರೀ ಲೆಕ್ಕದ ಬಲದಿಂದ, ಕೇರಿ ಮತ್ತೆ ಊರ ಹೊರಗೇ ಬಂದು ನಿಲ್ಲುತ್ತದೆ. ಬೆಳಗಾವಿಯ ಅಂಚಿನ ಆಶ್ರಯ ಕಾಲೋನಿಗಳನ್ನು ನಕಾಶೆಯ ಮೇಲೆ ಗುರುತು ಮಾಡಿದರೆ ಹಳ್ಳಿಯ ನಕಾಶೆಯೇ ದೊಡ್ಡದಾಗಿ ಕಾಣುತ್ತದೆ. ಮನೆಯೇನೋ ಕೈಗೆ ಎಟುಕಿತು. ಕೆಲಸ, ದವಾಖಾನಿ, ಕಾಲೇಜು, ಗ್ರಂಥಾಲಯ ಕೈಯಿಂದ ಜಾರಿದವು.

ಈ ದೂರದ ಉದ್ದ ಎಷ್ಟೆಂದು ತಿಳಿಯಬೇಕಾದರೆ ಖಾನಾಪುರ ರಸ್ತೆಯಲ್ಲಿ ಬೆಳಿಗ್ಗೆ ನಿಲ್ಲಬೇಕು. ಖಾನಾಪುರದಿಂದ ಬೆಳಗಾವಿಗೆ ಸುಮಾರು 25 ಕಿಲೋಮೀಟರ್. ದಿನಾ ಬಸ್ಸು, ರೈಲು, ಟೆಂಪೋಗಳಲ್ಲಿ ಜೋತುಬಿದ್ದು ಬರುವವರಲ್ಲಿ ಉದ್ಯಮಬಾಗದ ಫೌಂಡ್ರಿಗೆ ಹೋಗುವವರಿದ್ದಾರೆ, ಅಂಗಡಿಗಳಲ್ಲಿ ಗಂಟು ಹೊರುವವರಿದ್ದಾರೆ, ಟಿಳಕವಾಡಿ ಹಿಂದವಾಡಿಗಳ ಮನೆಗಳಲ್ಲಿ ಭಾಂಡೆ ತಿಕ್ಕುವ ಹೆಣ್ಣುಮಕ್ಕಳಿದ್ದಾರೆ. 2023ರ ಜೂನಿನಿಂದ ಶಕ್ತಿ ಯೋಜನೆ ಆ ಹೆಣ್ಣುಮಕ್ಕಳ ತಿಕೀಟಿನ ರೊಕ್ಕ ಉಳಿಸಿದೆ. ಒಳ್ಳೇದಾತು. ಹೊತ್ತು ಮಾತ್ರ ಉಳಿದಿಲ್ಲ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು ಹೊರಟವಳು ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅವಳ ಮಗಳ ಓದನ್ನು ನೋಡುವವರು ಯಾರು? ಬಡವರ ಬಾಡಿಗೆಯ ಒಂದು ಭಾಗ ಹೀಗೆ ರೊಕ್ಕದಲ್ಲಲ್ಲ, ನಿದ್ದೆಯಲ್ಲಿ ಸಂದಾಯವಾಗುತ್ತದೆ.

ಖಾನಾಪುರಕ್ಕೂ ಬೆಳಗಾವಿಯ ಮನೆಗಳಿಗೂ ಹಳೆಯ ನೆಂಟಸ್ತನವಿದೆ. ಖಾನಾಪುರದ ಮಣ್ಣು ಹಂಚಿಗೆ, ಕುಂಬಾರಿಕೆಗೆ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ನೆಲೆಯಾದದ್ದೂ ಅಲ್ಲಿಯೇ. ಆ ತಾಲೂಕಿನ ಮಣ್ಣು ಸುಟ್ಟು ಹಂಚಾಗಿ ಶಹರದ ಮನೆಗಳ ಮೇಲೇರಿತು. ಮಣ್ಣು ಅಗೆದವರು, ಹೊತ್ತವರು, ಭಟ್ಟಿಗೆ ಕಟ್ಟಿಗೆ ಇಟ್ಟವರು ಆ ಹಂಚಿನ ಕೆಳಗೆ ಮಲಗಲಿಲ್ಲ. ಈಗ ಹಂಚಿನ ಮನೆಗಳನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಿದ್ದಾರೆ. ಕಾಂಕ್ರೀಟು ಹೊತ್ತವರೂ ಸಂಜೆ ಬಸ್ಸಿಗೇ ಹೋಗುತ್ತಾರೆ.

ಪೌರಕಾರ್ಮಿಕರ ಮಾತು ಇನ್ನೂ ಚೊಕ್ಕ. ಸೂರ್ಯ ಹುಟ್ಟುವ ಮೊದಲು ನಡುಪೇಟೆಯಲ್ಲಿ ಇರಲೇಬೇಕಾದವರು ಅವರು. 1976ರಲ್ಲೇ ಐ.ಪಿ.ಡಿ. ಸಾಲಪ್ಪ ಸಮಿತಿ ಅವರ ಬದುಕು ಮತ್ತು ಕೆಲಸದ ಸ್ಥಿತಿಯ ಬಗ್ಗೆ ವರದಿ ಕೊಟ್ಟಿತ್ತು. ಬಹಳ ವರ್ಷಗಳ ನಂತರ ಗೃಹಭಾಗ್ಯ ಬಂದಾಗ ಅದು ಖಾಯಂ ನೌಕರರಿಗಷ್ಟೇ ಇತ್ತು. ಗುತ್ತಿಗೆಯ ಮೇಲೆ ಅದೇ ಪೊರಕೆ ಹಿಡಿದವರು ಹೊರಗೆ ಉಳಿದರು. ಬೆಳಗಾವಿ 2016ರ ಜನವರಿಯಲ್ಲಿ ಮೊದಲ 20 ಸ್ಮಾರ್ಟ್ ಸಿಟಿಗಳಲ್ಲಿ ಒಂದಾಯಿತು. 2025ರ ಮಾರ್ಚಿಗೆ ಆ ಮಿಶನ್ನೇ ಮುಗಿಯಿತು. ರಸ್ತೆ, ದೀಪ, ಫುಟ್‌ಪಾತ್ ಬಂದವು. ಫುಟ್‌ಪಾತ್ ಗುಡಿಸುವವರಿಗೆ ಅದೇ ರಸ್ತೆಯ ಮಗ್ಗುಲಲ್ಲಿ ಒಂದು ಖೋಲಿ ಬೇಕೆಂಬುದು ಯಾರ ಜಾಣತನಕ್ಕೂ ಹೊಳೆದಂತಿಲ್ಲ.

5

ಕಾಯಿದೆ ಏನನ್ನುತ್ತದೆ? ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ಹೆಸರಿದೆ, ಬಾಡಿಗೆ ಮನೆಯ ಹೆಸರಿಲ್ಲ. ಆದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯ 4ನೇ ಕಲಮಿನಲ್ಲಿ ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟುವ, ಪಡೆಯುವ, ವಾಸಿಸುವ ವಿಷಯದಲ್ಲಿ ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡುವುದು ಅಪರಾಧ ಎಂದಿದೆ. ನಮ್ಮ ಕಾರ್ಯಕರ್ತರು ಈ ಕಲಮನ್ನು ಕಂಠಪಾಠ ಮಾಡಿಕೊಳ್ಳಬೇಕು. ತೊಡಕಿರುವುದು ಪುರಾವೆಯಲ್ಲಿ. 'ಖೋಲಿ ಖಾಲಿ ಇಲ್ರಿ' ಎಂಬ ಮಾತಿಗೆ ಸಾಕ್ಷಿ ಯಾರು? ಬಾವಿಯ ಹತ್ತಿರ ತಡೆದರೆ ನಾಲ್ಕು ಜನ ನೋಡುತ್ತಾರೆ. ಬಾಡಿಗೆಯ ಅಸ್ಪೃಶ್ಯತೆ ನಗುನಗುತ್ತಲೇ, ಚಹಾ ಕುಡಿಸಿಯೂ ನಡೆಯಬಹುದು.

1985ರ ಓಲ್ಗಾ ಟೆಲಿಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಜೀವನೋಪಾಯದ ಹಕ್ಕನ್ನು ಜೀವಿಸುವ ಹಕ್ಕಿನ ಭಾಗವೆಂದಿತು. ಬಡವರು ಫುಟ್‌ಪಾತಿನ ಮೇಲೆ ಇರುವುದು ಕೆಲಸ ಹತ್ತಿರವಿರುವ ಕಾರಣಕ್ಕೆ ಎಂಬುದನ್ನು ಅದು ಒಪ್ಪಿತು. ಒಪ್ಪಿಯೂ ನೋಟೀಸು ಕೊಟ್ಟು ಎಬ್ಬಿಸಬಹುದೆಂದಿತು. 2005ರಲ್ಲಿ ಅಹಮದಾಬಾದಿನ ಒಂದು ಪಾರ್ಸಿ ಹೌಸಿಂಗ್ ಸೊಸೈಟಿಯ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ತಮ್ಮ ಸಮುದಾಯಕ್ಕೇ ಸೀಮಿತಗೊಳಿಸುವ ಉಪನಿಯಮವನ್ನು ಅದೇ ಕೋರ್ಟು ಎತ್ತಿಹಿಡಿಯಿತು. ಬರೋಡಾದ ವಸತಿಗೃಹ ನೆನಪಾಗದೆ ಇರದು. ಆದರೆ ಪಾರ್ಸಿಗಳನ್ನು ಬೈದು ಕೂಡುವಂತಿಲ್ಲ. ಜಾತಿಯ ಸೊಸೈಟಿ, ಜಾತಿಯ ಲೇಔಟು, ಜಾತಿಯ ಗಲ್ಲಿ ನಮ್ಮ ಎಲ್ಲ ಊರುಗಳಲ್ಲೂ ಇವೆ. ಬೈಲಾ ಇಲ್ಲದೆಯೇ ನಡೆಯುತ್ತಿವೆ.

6

ಇಲ್ಲಿ ನಮ್ಮವರದೇ ಒಂದು ಆಕ್ಷೇಪ ಏಳುತ್ತದೆ. ಕೇರಿ ನಮಗೆ ಅವಮಾನವಷ್ಟೇ ಅಲ್ಲ, ಬಲವೂ ಹೌದು. ಸಂಘಟನೆ ಕಟ್ಟಿದ್ದು ಕೇರಿಯಲ್ಲಿ, ಏಪ್ರಿಲ್ 14ರ ಮೆರವಣಿಗೆ ಹೊರಡುವುದು ಕೇರಿಯಿಂದ. ಒಬ್ಬೊಬ್ಬರು ಒಂದೊಂದು ಗಲ್ಲಿಗೆ ಹೋದರೆ ಚಳವಳಿಯ ಗತಿ ಏನು? ಅಂಬೇಡ್ಕರರೇ ಪ್ರತ್ಯೇಕ ವಸತಿ ಕೇಳಿದ್ದರಲ್ಲ? ಹೌದು, ಕೇಳಿದ್ದರು. 1942ರ ನಾಗಪುರ ಪರಿಷತ್ತಿನ ಠರಾವಿನಲ್ಲಿ ಅದು ಇದೆ, 1947ರಲ್ಲಿ ಸಂವಿಧಾನ ಸಭೆಗಾಗಿ ಬರೆದ ಮನವಿಯಲ್ಲೂ ಇದೆ. ಅವರು ಕೇಳಿದ್ದು ಉಳುವ ನೆಲದ ಸಮೇತ ವಸತಿಯನ್ನು, ಗೌಡನ ಅಂಗಳದ ಹಂಗು ಹರಿಯಲೆಂದು. ಇಂದಿನ ಅಂಚಿನ ಕಾಲೋನಿಗೆ ನೆಲವೂ ಇಲ್ಲ, ಕೆಲಸವೂ ಇಲ್ಲ. ಅದು ಹಂಗನ್ನು ಹರಿಯುವುದಿಲ್ಲ, ಹಂಗಿಗೆ ಬಸ್ಸಿನ ದಾರಿಯನ್ನು ಸೇರಿಸುತ್ತದೆ. ಪರೇಲದ ಚಾಳು ತೋರಿಸಿದ್ದು ಬೇರೆ ದಾರಿ: ನಡುವೆ ಇದ್ದೂ ಒಟ್ಟಿಗೆ ಇರಬಹುದು.

ನಮ್ಮ ಚಳವಳಿ 1970ರ ದಶಕದಿಂದ ಭೂಮಿ ಕೇಳಿದೆ. ಅದು ಸರಿಯಾಗಿಯೇ ಇತ್ತು, ಇಂದಿಗೂ ಸರಿ. ಇನ್ನು ನಗರದ ನಡುವಿನ ಭೂಮಿಯನ್ನೂ ಕೇಳಬೇಕು, ಅದನ್ನು ಬಾಡಿಗೆಯ ಭಾಷೆಯಲ್ಲಿ ಕೇಳಬೇಕು. ಸೈಟು ಕೊಡ್ರಿ ಎಂದರೆ ಸರ್ಕಾರ ಅಂಚಿಗೆ ಕರಕೊಂಡು ಹೋಗುತ್ತದೆ. ನಡುಪೇಟೆಯ ಸಾರ್ವಜನಿಕ ನೆಲದ ಮೇಲೆ ಸಾರ್ವಜನಿಕ ಬಾಡಿಗೆ ಮನೆ ಕಟ್ರಿ, ನಾವು ಬಾಡಿಗಿ ಕೊಡತೀವಿ, ರಸೀದಿ ಕೊಡ್ರಿ ಎಂದರೆ ಮಾತು ಬೇರೆಯಾಗುತ್ತದೆ. ಬಾಡಿಗೆ ಕೊಡುವವನು ಫಲಾನುಭವಿ ಅಲ್ಲ.

ನೆಲ ಎಲ್ಲಿದೆ ಎಂದು ಕೇಳುತ್ತಾರೆ. ಬೆಳಗಾವಿಯಲ್ಲಿ ಆ ಪ್ರಶ್ನೆ ಕೇಳಲು ಧೈರ್ಯ ಬೇಕು. 1832ರಲ್ಲಿ ಶುರುವಾದ ಕಂಟೋನ್ಮೆಂಟಿನಲ್ಲಿ, ಪೇಟೆಗೆ ತಾಗಿಯೇ, ದೊಡ್ಡ ಕಂಪೌಂಡುಗಳ ಹಳೇ ಬಂಗಲೆಗಳಿವೆ. ಅದು ರಕ್ಷಣಾ ಇಲಾಖೆಯ ನೆಲ, ಅಂದರೆ ಸರ್ಕಾರದ್ದೇ. ಪಾಲಿಕೆಯ ಮಾರುಕಟ್ಟೆಗಳಿವೆ, ಅವುಗಳ ಮೇಲೆ ಮಹಡಿ ಏರಿಸಲು ಆಕಾಶವಿದೆ. ಖಾಲಿ ಸರ್ಕಾರಿ ಮನೆಗಳನ್ನು ದುಡಿಯುವವರಿಗೆ ಬಾಡಿಗೆಗೆ ಕೊಡುವ ಯೋಜನೆಯನ್ನು 2020ರಲ್ಲಿ ಕೇಂದ್ರವೇ ತಂದಿತ್ತು. ಹೊಸ ಬಡಾವಣೆಗಳಲ್ಲಿ ಶೇ. 10ರಿಂದ 15ರಷ್ಟು ನೆಲ ಬಡವರಿಗೆ ಇರಲಿ ಎಂದು 2007ರ ರಾಷ್ಟ್ರೀಯ ನಗರ ವಸತಿ ನೀತಿ ಹೇಳಿತ್ತು. ರೊಕ್ಕ ಎಲ್ಲಿದೆ ಎಂದರೆ, ಸ್ಥಳೀಯ ಸಂಸ್ಥೆಗಳು ಪರಿಶಿಷ್ಟರಿಗಾಗಿ ಎತ್ತಿಡಬೇಕಾದ ಶೇ. 24.10ರ ನಿಧಿ ಇದೆ. ಗಟಾರ, ಕಾಂಕ್ರೀಟು ರಸ್ತೆಗಳಿಗೇ ಅದು ಕರಗಬೇಕೆಂದು ಯಾರು ಹೇಳಿದರು? ಚಳಿಗಾಲದ ಅಧಿವೇಶನ ಬಂತೆಂದರೆ ಇದೇ ಊರಿನಲ್ಲಿ ಮಂತ್ರಿ, ಶಾಸಕ, ಅಧಿಕಾರಿಗಳಿಗಾಗಿ ಸರ್ಕಾರ ಹೋಟೆಲು ಖೋಲಿಗಳನ್ನು ಹಿಡಿಯುತ್ತದೆ. ಬಾಡಿಗೆ ಖೋಲಿ ಹುಡುಕುವ ವಿದ್ಯೆ ಸರ್ಕಾರಕ್ಕೆ ಚೆನ್ನಾಗಿಯೇ ಗೊತ್ತು.

ಹೊರಗಿನ ಉದಾಹರಣೆ ಬೇಕೆಂದರೆ ವಿಯೆನ್ನಾ ಇದೆ. 1919ರಿಂದ 1934ರ ನಡುವೆ ಅಲ್ಲಿನ ನಗರಸಭೆ ಕಾರ್ಮಿಕರಿಗಾಗಿ 60 ಸಾವಿರಕ್ಕೂ ಹೆಚ್ಚು ಬಾಡಿಗೆ ಮನೆಗಳನ್ನು ಕಟ್ಟಿತು. ದೊಡ್ಡ ಮನೆಗಳ ಮೇಲೆ ಹೆಚ್ಚು ತೆರಿಗೆ ಹಾಕಿ ಅದಕ್ಕೆ ಹಣ ಕೂಡಿಸಿತು. ಯುದ್ಧ ಸೋತು ಬರಿಗೈಯಾದ ಊರಿಗೆ ಸಾಧ್ಯವಾದದ್ದು ಸ್ಮಾರ್ಟ್ ಸಿಟಿಗೆ ಆಗದೆಂದರೆ ಕೊರತೆ ರೊಕ್ಕದ್ದಲ್ಲ.

ಬೆಳಗಾವಿಯ ನಡುವೆ ಡಾ. ಅಂಬೇಡ್ಕರ್ ರಸ್ತೆ ಇದೆ, ಅಂಬೇಡ್ಕರ್ ಉದ್ಯಾನ ಇದೆ. ಹೆಸರಿಗೆ ನಡುಪೇಟೆಯಲ್ಲಿ ಜಾಗ ಸಿಕ್ಕಿದೆ. ಇನ್ನು ಆ ಹೆಸರು ಹೇಳುವ ಮಂದಿಗೆ ಸಿಗಬೇಕು. ಸಂಘಟನೆಯ ಗೆಳೆಯರು ವಾರ್ಡುವಾರು ಸಾರ್ವಜನಿಕ ನೆಲದ ಯಾದಿ ಮಾಡಲಿ, ಮಾಹಿತಿ ಹಕ್ಕಿನಲ್ಲಿ 24.10ರ ಲೆಕ್ಕ ಕೇಳಲಿ. ವಿದ್ಯಾರ್ಥಿಗಳು ತಮಗೆ ಬಾಗಿಲು ಮುಚ್ಚಿದ ಮನೆಗಳ ಲೆಕ್ಕ ಬರೆದಿಡಲಿ, ತಾರೀಖು ಸಮೇತ. ಕಥೆಗಾರರು ನಗರದ ಖೋಲಿಯ ಕಥೆ ಬರೆಯಲಿ. ವಿಮರ್ಶಕರು ಅದನ್ನು ಓದಲು ಬೇಕಾದ ಮಾತುಗಳನ್ನು ಕಟ್ಟಲಿ. ಮುಂದಿನ ಸಲ ಬೆಳಗಾವಿ ಯಾರದು ಎಂದು ಯಾರಾದರೂ ವೇದಿಕೆ ಹತ್ತಿ ಗುಡುಗಿದರೆ, ಕೆಳಗಿನಿಂದ ಒಬ್ಬರಾದರೂ ಎದ್ದು ಕೇಳಬೇಕು: 'ಅದೆಲ್ಲ ಇರಲಿ ಸಾಹೇಬ್ರ, ನಿಮ್ಮ ಗಲ್ಲಿಯಾಗ ಖೋಲಿ ಖಾಲಿ ಐತೇನು?'